ಬಳೆ ತೊಟ್ಟ ಕಲ್ಲಿನ ಕೈ

‘ಮಾಸ್ತಿ’ ಅಂದ ತಕ್ಷಣ ಹಿಂದಿ ಮಾತಾಡುವ ಸಹೋದ್ಯೋಗಿಗಳಿಗೆ ಮೋಜು-ಮಜಾ ನೆನಪಾಗುತ್ತೆ. ನಮಗೆ ಜ್ಞಾನಪೀಠ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ನೆನಪಾಗ್ತಾರೆ. ಅವರ ಹೆಸರಿಗೆ ಅಂಟಿಕೊಂಡ ಮಾಸ್ತಿ ಒಂದು ಊರು, ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿದೆ. ನಾವು ಸಾಮಾನ್ಯವಾಗಿ ಅಲ್ಲಿಗೆ ನಿಂತುಬಿಡ್ತೀವಿ. ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋದರೆ ಸಿಗೋದು ‘ಮಹಾಸತಿ’ ಅನ್ನೋ ಪದ. ಮಹಾಸತಿ ಬಾಯಿಂದ ಬಾಯಿಗೆ ಸವೆದು ಮಾಸತಿ ಆಯ್ತು, ಮಾಸ್ತಿ ಆಯ್ತು. ಅಂದರೆ ಗಂಡ ಸತ್ತಾಗ ಬೆಂಕಿಗೆ ಹೋದ ಹೆಂಗಸು. ಅವಳ ನೆನಪಿಗೆ ನೆಟ್ಟ ಕಲ್ಲು ಮಾಸ್ತಿಗಲ್ಲು.

ಈ ಕಲ್ಲುಗಳನ್ನು ನೀವು ನೋಡಿರ್ತೀರಿ, ಹೆಸರು ಗೊತ್ತಿರದೆ ಇರಬಹುದು. ಹಳ್ಳಿಯ ಕೆರೆ ಏರಿ ಮೇಲೆ, ಆಂಜನೇಯನ ಗುಡಿಯ ಹಿಂದೆ, ಟ್ರೆಕ್ಕಿಂಗ್ ಹೋಗುವ ಬೆಟ್ಟದ ಬುಡದಲ್ಲಿ, ಕೆಲವೊಮ್ಮೆ ಬೆಂಗಳೂರಿನದೇ ಯಾವುದೋ ಲೇಔಟ್‌ನ ಮೂಲೆಯಲ್ಲಿ ಅರ್ಧ ಹೂತು ನಿಂತಿರುತ್ತವೆ. ಯಾರೋ ಅರಿಶಿನ-ಕುಂಕುಮ ಹಚ್ಚಿರ್ತಾರೆ. ಒಂದು ಕಂಬ, ಆ ಕಂಬದಿಂದ ಹೊರಗೆ ಚಾಚಿ ಮೊಣಕೈ ಹತ್ತಿರ ಮೇಲಕ್ಕೆ ಮಡಚಿದ ಒಂದು ತೋಳು, ತೋಳಿನ ತುಂಬ ಬಳೆ, ತೆರೆದ ಅಂಗೈ. ಬೆರಳುಗಳ ಸಂದಿಯಲ್ಲಿ ಒಂದು ನಿಂಬೆಹಣ್ಣು. ಮುಖವೂ ಇಲ್ಲ, ದೇಹವೂ ಇಲ್ಲ. ಎಷ್ಟೋ ಕಡೆ ಹೆಸರೂ ಇಲ್ಲ.

ಈ ಕೈ ಏನು ಹೇಳ್ತಿದೆ ಅಂತ ತಿಳಿಯಬೇಕಾದರೆ ಮೊದಲು ಅದರ ಪಕ್ಕದಲ್ಲಿ ನಿಲ್ಲುವ ಕಲ್ಲನ್ನು ಓದೋಕೆ ಕಲಿಯಬೇಕು. ಅದು ವೀರಗಲ್ಲು.

ವೀರಗಲ್ಲನ್ನು ಓದೋದು ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಮೂರು ಅಂತಸ್ತು, ನಡುವಿನ ಪಟ್ಟಿಗಳಲ್ಲಿ ಬರಹ. ಕೆಳಗಿನದು ಭೂಮಿ. ಅಲ್ಲಿ ಕಾಳಗ ನಡೀತಿದೆ: ಬಿಲ್ಲು, ಕತ್ತಿ, ಗುರಾಣಿ, ಕುದುರೆ, ಬಿದ್ದವರು. ಅಂಚಿನಲ್ಲಿ ದನಗಳ ಸಾಲು ಕಂಡರೆ ಅದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ನಡೆದ ಜಗಳ. ಆ ಕಾಲಕ್ಕೆ ದನವೇ ಊರಿನ ಬ್ಯಾಂಕ್ ಬ್ಯಾಲೆನ್ಸ್. ಹೆಂಗಸರ ಮೇಲೆ ಕೈಮಾಡಿದವರನ್ನು ಎದುರಿಸಿ ಸತ್ತರೆ ಅದು ಪೆಣ್ಬುಯ್ಯಲ್. ಊರನ್ನೇ ಕೊಳ್ಳೆ ಹೊಡೆಯಲು ಬಂದಾಗ ಸತ್ತರೆ ಊರಳಿವು. ಹೀಗೆ ಸಾವಿಗೂ ಕೆಟಗರಿಗಳಿದ್ದವು.

ಎರಡನೆಯ ಅಂತಸ್ತು ಆಕಾಶ. ಸತ್ತವನ ಎರಡೂ ಕಡೆ ಅಪ್ಸರೆಯರು ತೋಳು ಹಿಡಿದೋ ಚಾಮರ ಬೀಸುತ್ತಲೋ ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಮೂರನೆಯದು ಕೈಲಾಸ. ನಡುವೆ ಲಿಂಗ, ಪೂಜೆ ಮಾಡುವ ಗೊರವ, ಒಂದು ಕಡೆ ನಂದಿ, ಇನ್ನೊಂದು ಕಡೆ ಕೈಮುಗಿದು ಕೂತ ವೀರ. ಅವನು ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನ. ಎಲ್ಲಕ್ಕಿಂತ ಮೇಲೆ, ಕಲ್ಲಿನ ನೆತ್ತಿಯಲ್ಲಿ, ಸೂರ್ಯ ಮತ್ತು ಚಂದ್ರ. ಇವು ಅಲಂಕಾರಕ್ಕೆ ಬಿಡಿಸಿದ್ದಲ್ಲ. ಸೂರ್ಯ-ಚಂದ್ರರು ಇರುವವರೆಗೆ ಈ ಮಾತು ನಡೆಯುತ್ತದೆ ಅನ್ನುವ ಸಹಿ ಅದು. ‘ಆಚಂದ್ರಾರ್ಕ’ ಅಂತ ಶಾಸನಗಳಲ್ಲಿ ಬರೋದು ಇದನ್ನೇ.

ಯಾವ ಮಾತು ನಡೆಯುತ್ತದೆ? ವೀರಗಲ್ಲು ಗೋರಿಯಲ್ಲ. ಅದರ ಕೆಳಗೆ ಸಾಮಾನ್ಯವಾಗಿ ಯಾರ ಮೂಳೆಯೂ ಇರಲ್ಲ. ನಾನು ಅದನ್ನು ಒಂದು ಒಪ್ಪಂದದ ಪತ್ರ ಅಂತ ಓದ್ತೀನಿ. ಸತ್ತವನಿಗೆ ಸ್ವರ್ಗ, ಅವನ ಮನೆಯವರಿಗೆ ಭೂಮಿ. ಆ ಭೂಮಿಗೆ ಕಲ್ನಾಡು ಅಂತಲೋ ನೆತ್ತರುಗೊಡಗೆ ಅಂತಲೋ ಹೆಸರು. ನೆತ್ತರಿಗೆ ಕೊಟ್ಟ ಕೊಡುಗೆ. ಇದಕ್ಕಿಂತ ನೇರವಾಗಿ ಹೇಳೋಕೆ ಆಗುತ್ತಾ? ಗೆದ್ದರೆ ಸಂಪತ್ತು, ಸತ್ತರೆ ದೇವಲೋಕದ ಹೆಣ್ಣು ಅನ್ನುವ ಅರ್ಥದ ಸಂಸ್ಕೃತ ಶ್ಲೋಕವೊಂದು ಎಷ್ಟೋ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಕಲ್ಲು ಸತ್ತವನಿಗೆ ಶ್ರದ್ಧಾಂಜಲಿ, ಬದುಕಿರುವ ಹುಡುಗರಿಗೆ ಆಫರ್ ಲೆಟರ್.

ಬೆಂಗಳೂರಿನವರಿಗೆ ಇದರ ಉದಾಹರಣೆಗಳು ಮೆಟ್ರೊ ದೂರದಲ್ಲೇ ಇವೆ. ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಬೇಗೂರಿನ ದೊಡ್ಡ ವೀರಗಲ್ಲಿದೆ. ಗಂಗರ ಎರೆಯಪ್ಪನ ಪರವಾಗಿ ಹೋದ ನಾಗತ್ತರ ಆನೆಗಳ ಜೊತೆ ಸೆಣಸಿ ಸತ್ತ ಕಥೆ ಅದರಲ್ಲಿದೆ. ಸುದ್ದಿ ತಿಳಿದ ಎರೆಯಪ್ಪ ಇರುಗ ಅನ್ನುವವನಿಗೆ ನಾಗತ್ತರನ ಪಟ್ಟವನ್ನೂ ಬೇಗೂರಿನ ಸುತ್ತಿನ ಹನ್ನೆರಡು ಹಳ್ಳಿಗಳನ್ನೂ ಕಲ್ನಾಡಾಗಿ ಕೊಡ್ತಾನೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಇನ್ನೊಂದು ಕಲ್ಲಿದೆ, ಕ್ರಿ.ಶ. 890ರ ಆಸುಪಾಸಿನದು. ‘ಬೆಂಗಳೂರು’ ಅನ್ನುವ ಹೆಸರು ಬರುವ ಅತಿ ಹಳೆಯ ಬರಹಗಳಲ್ಲಿ ಅದೂ ಒಂದು. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಕಡೆಯ ಬುಟ್ಟಣಶೆಟ್ಟಿ ಸತ್ತ ಅಂತ ಅದರ ಮಾತು. ಅಂದರೆ ನಮ್ಮ ಊರಿನ ಹೆಸರು ಮೊದಮೊದಲು ಕಾಣಿಸಿಕೊಳ್ಳೋದೇ ಒಂದು ಸಾವಿನ ಸುದ್ದಿಯಲ್ಲಿ.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ವೇಳೆ ಮಣ್ಣಿನಿಂದ ಮೇಲೆದ್ದ ಕಲ್ಲು ಇನ್ನೂ ಹಳೆಯದು, ಸುಮಾರು ಕ್ರಿ.ಶ. 750ರದ್ದು. ಕಿತ್ತಯ್ಯ ಅನ್ನುವವನು ರಟ್ಟರ ದಾಳಿಯನ್ನು ಎದುರಿಸಿ ಸತ್ತ ನೆನಪಿಗೆ ನೆಟ್ಟದ್ದು. ಊರಿನವರೇ ಮುಂದೆ ನಿಂತು ಅದಕ್ಕೊಂದು ಕಲ್ಲಿನ ಮಂಟಪ ಕಟ್ಟಿಸಿದರು. ಫ್ಲೈಓವರ್ ಟ್ರಾಫಿಕ್ಕಿಗೆ ಹೆಸರಾದ ಹೆಬ್ಬಾಳಕ್ಕೆ ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಹೀರೊ ಸಿಕ್ಕಿದ.

ಕಿತ್ತಯ್ಯ, ನಾಗತ್ತರ, ಬುಟ್ಟಣಶೆಟ್ಟಿ. ಎಲ್ಲರಿಗೂ ಹೆಸರಿದೆ. ಹೇಗೆ ಸತ್ತರು ಅನ್ನೋದೂ ಇದೆ. ಈಗ ಬಳೆ ತೊಟ್ಟ ಕೈಗೆ ಹಿಂತಿರುಗೋಣ.

ಒಂದೊಂದೇ ಗುರುತನ್ನು ಬಿಡಿಸಿ ನೋಡೋಣ. ಮೊದಲು ಬಳೆ. ಗಂಡ ಸತ್ತರೆ ಹೆಂಗಸಿನ ಬಳೆ ಒಡೆಯುತ್ತಾರೆ. ಕಲ್ಲಿನ ಕೈಯಲ್ಲಿ ಬಳೆ ಒಡೆದಿಲ್ಲ, ಒಡೆಯೋದೂ ಇಲ್ಲ. ಅಂದರೆ ಇವಳು ವಿಧವೆಯಾಗಲೇ ಇಲ್ಲ, ಮುತ್ತೈದೆಯಾಗಿಯೇ ಹೋದಳು ಅನ್ನೋದು ಅದರ ಅರ್ಥ. ನಿಂಬೆಹಣ್ಣು ದೃಷ್ಟಿಗೆ, ಕೆಟ್ಟದ್ದನ್ನು ದೂರ ಇಡೋಕೆ. ಹೊಸ ಬೈಕಿನ ಚಕ್ರದ ಕೆಳಗೆ ಇಡ್ತೀವಲ್ಲ, ಅದೇ ನಂಬಿಕೆಯ ವಂಶ. ಎತ್ತಿದ ಅಂಗೈ ಅಭಯ, ಆಶೀರ್ವಾದ. ಸತ್ತವಳು ಈಗ ದೇವಿ, ಊರನ್ನು ಕಾಯ್ತಾಳೆ. ಮಾಸ್ತಮ್ಮ ಅಂತ ಗುಡಿ ಕಟ್ಟಿ ಪೂಜೆ ಮಾಡೋದು ಇಲ್ಲಿಂದ ಶುರು. ಶಾಸನಗಳಲ್ಲಿ ಸಹಗಮನಕ್ಕೆ ‘ತೋಳು ಕೈ ಕೊಟ್ಟಳು’ ಅನ್ನುವ ನುಡಿಗಟ್ಟೇ ಇದೆ. ಆ ನುಡಿಗಟ್ಟನ್ನೇ ಶಿಲ್ಪಿ ಕಲ್ಲಿನಲ್ಲಿ ಬಿಡಿಸಿದ ಹಾಗೆ ಕಾಣುತ್ತೆ.

ಕೆಲವು ಕಡೆ ವೀರಗಲ್ಲಿನ ಪಕ್ಕಕ್ಕೇ ಈ ತೋಳು ಅಂಟಿಕೊಂಡಿರುತ್ತದೆ. ಗಂಡ ಕಾಳಗದಲ್ಲಿ ಸತ್ತ, ಹೆಂಡತಿ ಹಿಂದೆ ಹೋದಳು ಅಂತ ಓದಬೇಕು. ಎರಡು ತೋಳಿದ್ದರೆ ಇಬ್ಬರು ಹೆಂಡತಿಯರು. ವಿಜಯನಗರ ಮತ್ತು ಪಾಳೇಗಾರರ ಕಾಲಕ್ಕೆ ಬಂದರೆ ಬರಿಯ ತೋಳಿನ ಬದಲು ಗಂಡ-ಹೆಂಡತಿ ಜೋಡಿಯಾಗಿ ನಿಂತ ಕಲ್ಲುಗಳೂ ಸಿಗುತ್ತವೆ. ಗಂಡನ ಕೈಯಲ್ಲಿ ಕತ್ತಿ, ಹೆಂಡತಿಯ ಒಂದು ಕೈ ಮೇಲಕ್ಕೆ.

ಇಷ್ಟು ಬಿಡಿಸಿದ ಮೇಲೆ ನನ್ನ ಕಣ್ಣು ನಿಲ್ಲೋದು ಕಲ್ಲಿನಲ್ಲಿ ಇಲ್ಲದಿರುವುದರ ಮೇಲೆ. ವೀರಗಲ್ಲಿನಲ್ಲಿ ಅತ್ಯಂತ ಗದ್ದಲದ ಭಾಗ ಕೆಳಗಿನ ಅಂತಸ್ತು, ಸಾವು ನಡೆದ ಜಾಗ. ಬಾಣ ಎಲ್ಲಿ ನಾಟಿತು, ಎದುರಾಳಿ ಎಷ್ಟು ಜನ, ಎಲ್ಲವನ್ನೂ ಹೆಮ್ಮೆಯಿಂದ ತೋರಿಸುತ್ತಾರೆ. ಬರಿಯ ತೋಳಿನ ಮಾಸ್ತಿಗಲ್ಲಿನಲ್ಲಿ ಆ ಅಂತಸ್ತೇ ಇಲ್ಲ. ಚಿತೆ ಇಲ್ಲ, ಹೊಗೆ ಇಲ್ಲ, ಸುತ್ತ ನಿಂತ ಜನ ಇಲ್ಲ. ಉರಿಯ ನಡುವೆ ಕೂತ ಹೆಂಗಸನ್ನು ತೋರಿಸುವ ಕಲ್ಲುಗಳು ಇಲ್ಲವೇ ಇಲ್ಲ ಅಂತಲ್ಲ. ಆದರೆ ಊರೂರಿಗೂ ಹರಡಿದ್ದು ಈ ತೋಳು. ಗಂಡಸಿನ ಸಾವನ್ನು ನೋಡಿ ಅನ್ನುವ ಸಮಾಜ, ಹೆಂಗಸಿನ ಸಾವಿನ ಫಲವನ್ನಷ್ಟೇ ನೋಡಿ, ಸಾವನ್ನು ನೋಡಬೇಡಿ ಅನ್ನುತ್ತದೆ.

ಹೆಸರಿನ ವಿಷಯಕ್ಕೆ ಬಂದರೆ ಇದೇ ಮ್ಯೂಸಿಯಂನಲ್ಲಿ ಇನ್ನೊಂದು ಪ್ರಸಿದ್ಧ ಕಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನದು, ಕಾಲ ಸುಮಾರು ಕ್ರಿ.ಶ. 949. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ. ಅವನ ಬಂಟ ಮಣಲೇರ ಅಲ್ಲಿ ಪರಾಕ್ರಮ ತೋರಿದ. ಏನು ಬೇಕೋ ಕೇಳು ಅಂದರೆ ಮಣಲೇರ ಕೇಳಿದ್ದು ಅರಸನ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ನಾಯಿಯ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದರು, ನಾಯಿ-ಹಂದಿ ಕಾದಾಟವನ್ನು ಕೆತ್ತಿಸಿದರು, ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಹೆಸರು ಕಾಳಿ.

ನನಗೆ ಆ ಕಲ್ಲು ತುಂಬ ಇಷ್ಟ. ಒಂದು ಪ್ರಾಣಿಯನ್ನು ಇಷ್ಟು ಪ್ರೀತಿಯಿಂದ ನೆನೆದ ಜನ ನಮ್ಮವರು ಅನ್ನೋದು ಸಂತೋಷದ ವಿಷಯವೇ. ಆದರೆ ಕಾಳಿಯ ಹೆಸರು ಸಾವಿರಕ್ಕೂ ಹೆಚ್ಚು ವರ್ಷದಿಂದ ನಮಗೆ ಗೊತ್ತು, ಊರ ಹೊರಗೆ ಕೈಯೆತ್ತಿ ನಿಂತ ಎಷ್ಟೋ ಹೆಂಗಸರ ಹೆಸರು ಗೊತ್ತಿಲ್ಲ ಅನ್ನೋದನ್ನು ಪಕ್ಕಪಕ್ಕ ಇಟ್ಟು ನೋಡಿ. ಅವರೆಲ್ಲರಿಗೂ ಒಂದೇ ಹೆಸರು, ಮಾಸ್ತಿ. ಅದು ಹೆಸರಲ್ಲ, ಹುದ್ದೆ.

ಅಪರೂಪಕ್ಕೆ ಒಂದು ಕಲ್ಲು ಬಾಯಿಬಿಡುತ್ತದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ಕ್ರಿ.ಶ. 1057ರ ಒಂದು ಶಾಸನವಿದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅದು ಅಚ್ಚಾಗಿದೆ. ಕನ್ನಡ ಎಂ.ಎ. ಮಾಡಿದವರಿಗೆ ಅದು ಪಾಠವಾಗಿ ಗೊತ್ತಿರಬಹುದು, ಯಾಕೆಂದರೆ ಅದು ಒಳ್ಳೆಯ ಪದ್ಯಗಳಲ್ಲಿದೆ. ಅದರ ನಾಯಕಿ ದೇಕಬ್ಬೆ. ನುಗುನಾಡಿನ ರವಿಗನ ಮಗಳು, ಏಚನ ಹೆಂಡತಿ. ಏಚ ಯುದ್ಧದಲ್ಲಿ ಸಾಯಲಿಲ್ಲ. ಮಲ್ಲಯುದ್ಧದಲ್ಲಿ ಒಬ್ಬ ದಾಯಾದಿಯನ್ನು ಕೊಂದ. ಅದಕ್ಕೆ ಅರಸ ಅವನನ್ನು ತಲಕಾಡಿಗೆ ಒಯ್ಯಿಸಿ ಕೊಲ್ಲಿಸಿದ. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಗೆ ಹೋಗ್ತೀನಿ ಅಂದಳು.

ಇಲ್ಲಿವರೆಗೆ ಇದು ಯಾವುದೇ ಮಾಸ್ತಿಯ ಕಥೆ. ಮುಂದಿನದು ಬೇರೆ. ಅಪ್ಪ-ಅಮ್ಮ ಬೇಡ ಅಂದರು. ಬಂಧುಗಳು ತಡೆದರು. ಅವಳು ಕೇಳಲಿಲ್ಲ. ಭೂಮಿ, ಹೊನ್ನು ದಾನ ಮಾಡಿ ಬೆಂಕಿಗೆ ಹೋದಳು. ಶಾಸನದ ಉದ್ದೇಶ ಅವಳನ್ನು ಹೊಗಳೋದು, ಅದರಲ್ಲಿ ಅನುಮಾನವಿಲ್ಲ. ಬೇಡ ಅಂದವರ ಮಾತನ್ನು ಕೆತ್ತಿಸಿದ್ದು ಕೂಡ ಅವಳ ಹಟ ಎಷ್ಟು ಗಟ್ಟಿ ಅಂತ ತೋರಿಸೋಕೆ ಇರಬಹುದು. ಆದರೆ ಬರೆದವರ ಉದ್ದೇಶ ಏನೇ ಇರಲಿ, ನಮಗೆ ಸಿಕ್ಕಿದ್ದು ದೊಡ್ಡ ಸಾಕ್ಷಿ. 1057ರಲ್ಲೂ ಒಂದು ಮನೆಯಲ್ಲಿ ಮಗಳು ಸಾಯೋದು ಬೇಡ ಅಂತ ಅಪ್ಪ-ಅಮ್ಮ ಅತ್ತಿದ್ದಾರೆ. ‘ಆ ಕಾಲದಲ್ಲಿ ಎಲ್ಲರೂ ಅದನ್ನು ಒಪ್ಪಿದ್ದರು ಬಿಡಿ’ ಅಂತ ನಾವು ಸುಲಭವಾಗಿ ಹೇಳೋ ಮಾತಿಗೆ ಬೆಳತೂರಿನ ಕಲ್ಲು ಅಡ್ಡ ನಿಲ್ಲುತ್ತದೆ. ಎಲ್ಲರೂ ಒಪ್ಪಿರಲಿಲ್ಲ.

ಇದರ ಪಕ್ಕಕ್ಕೆ ಸುಮಾರು ಐನೂರು ವರ್ಷ ಆಮೇಲಿನ ಇನ್ನೊಂದು ಸಾಕ್ಷಿ ಇಡ್ತೀನಿ. 1530ರ ದಶಕದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನುನಿಜ್ ಅಲ್ಲಿನ ಸಹಗಮನದ ಬಗ್ಗೆ ಬರೆದಿದ್ದಾನೆ. ಗಂಡ ಸತ್ತ ಹೆಂಗಸು ಮಿತಿಮೀರಿ ಅತ್ತರೆ ಅವಳಿಗೆ ಹೋಗಲು ಮನಸ್ಸಿಲ್ಲ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಆಗ ಬಂಧುಗಳು ಬಂದು, ಕುಲಕ್ಕೆ ಕೆಟ್ಟ ಹೆಸರು ತರಬೇಡ, ಹೋಗು ಅಂತ ಬುದ್ಧಿ ಹೇಳುತ್ತಾರೆ ಅನ್ನುವುದು ಅವನ ಮಾತಿನ ಸಾರ. ಪರದೇಶದವನ ವರದಿ, ಎಚ್ಚರದಿಂದ ಓದಬೇಕು, ನಿಜ. ಆದರೂ ಒಂದು ಕಡೆ ಬೇಡ ಅಂದ ಬಂಧುಗಳು, ಇನ್ನೊಂದು ಕಡೆ ಹೋಗು ಅಂದ ಬಂಧುಗಳು. ಎರಡೂ ಮನೆಯ ಹೆಣ್ಣಿಗೆ ಕೊನೆಗೆ ಕೆತ್ತುವ ಗುರುತು ಒಂದೇ: ಬಳೆ, ನಿಂಬೆಹಣ್ಣು, ಎತ್ತಿದ ಕೈ. ಒತ್ತಾಯವೋ, ಒಪ್ಪಿಗೆಯೋ, ಹಟವೋ, ದುಃಖವೋ, ಎಲ್ಲವನ್ನೂ ಆ ಕೈ ಒಂದೇ ಮಾಡಿಬಿಡುತ್ತದೆ. ಸಂಕೇತಕ್ಕೆ ಇರುವ ಶಕ್ತಿಯೂ ಅದೇ, ಅದರ ಅಪಾಯವೂ ಅದೇ.

ಹೆಂಗಸರ ನೆನಪಿನ ಕಲ್ಲುಗಳೆಲ್ಲ ಗಂಡನ ಸಾವಿಗೆ ಗಂಟು ಬಿದ್ದಿದ್ದವು ಅಂತ ತಿಳಿಯಬೇಡಿ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ನಿಸಿದಿಗಳು ಸಿಗುತ್ತವೆ. ಸಲ್ಲೇಖನ, ಅಂದರೆ ಹಂತಹಂತವಾಗಿ ಆಹಾರ ಬಿಟ್ಟು ಸಾವನ್ನು ಎದುರುಗೊಂಡ ಜೈನರ ನೆನಪಿನ ಕಲ್ಲುಗಳು ಅವು. ಚಿತ್ರವಿದ್ದರೆ ಸಾಮಾನ್ಯವಾಗಿ ಮೇಲೆ ಜಿನ, ಕೆಳಗೆ ಗುರುವಿನ ಎದುರು ಕೂತು ಉಪದೇಶ ಕೇಳುವ ಶಿಷ್ಯ ಅಥವಾ ಶಿಷ್ಯೆ. ಕತ್ತಿ ಇಲ್ಲ, ಅಪ್ಸರೆಯರ ಗಡಿಬಿಡಿ ಇಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಹೆಂಡತಿ ಲಕ್ಷ್ಮೀದೇವಿ ಹೀಗೆ ಪ್ರಾಣ ಬಿಟ್ಟಳು. ಅವಳ ನಿಸಿದಿ ಮಾಡಿಸಿದವನು ಬದುಕಿದ್ದ ಗಂಡ. ಶಾಂತಲೆಯ ತಾಯಿ ಮಾಚಿಕಬ್ಬೆ ಕೂಡ ಬೆಳಗೊಳದಲ್ಲೇ ಸಲ್ಲೇಖನ ಮಾಡಿದಳು, ಶಾಸನ ಅವಳ ಹೆಸರು ಹೇಳುತ್ತದೆ. ಸಲ್ಲೇಖನ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ, ಕೋರ್ಟುಗಳ ತನಕ ಹೋಗಿದೆ. ಇಲ್ಲಿ ನನಗೆ ಮುಖ್ಯ ಅನಿಸೋದು ಇಷ್ಟು: ಅದೇ ನಾಡಿನಲ್ಲಿ ಒಬ್ಬ ಹೆಂಗಸಿಗೆ ಅವಳದೇ ಹೆಸರಿನಲ್ಲಿ, ಅವಳದೇ ವ್ರತಕ್ಕೆ ಕಲ್ಲು ನಿಲ್ಲಿಸೋದು ಸಾಧ್ಯವಿತ್ತು. ಹಾಗಾಗಿ ಮಾಸ್ತಿಗಲ್ಲಿನಲ್ಲಿ ಮುಖ ಇಲ್ಲದಿರುವುದಕ್ಕೆ ‘ಆ ಕಾಲ ಹಾಗಿತ್ತು’ ಅನ್ನೋದು ಉತ್ತರ ಆಗಲ್ಲ. ಅದು ಯಾರೋ ಮಾಡಿದ ಆಯ್ಕೆ.

ಎಂ. ಚಿದಾನಂದಮೂರ್ತಿಯವರು 1966ರಲ್ಲಿ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ, ಆಮೇಲೆ ಷ. ಶೆಟ್ಟರ್ ಅವರು ವೀರಗಲ್ಲು-ನಿಸಿದಿಗಳ ಮೇಲಿನ ಕೆಲಸದಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಶಾಸನ ಅಂದರೆ ಬರೀ ರಾಜರ ಹೆಸರು, ಇಸವಿಗಳ ಪಟ್ಟಿ ಅಲ್ಲ. ಬದುಕಿದವರು ಹೇಗೆ ಬದುಕಿದರು, ಸತ್ತವರನ್ನು ಉಳಿದವರು ಹೇಗೆ ಬಳಸಿಕೊಂಡರು ಅನ್ನೋದನ್ನೂ ಅದರಲ್ಲಿ ಓದಬಹುದು. ನೆನಪಿನ ಕಲ್ಲನ್ನು ಸತ್ತವರು ಬರೆಸೋದಿಲ್ಲ. ಬರೆಸೋರು ಉಳಿದವರು, ಬರೆಸೋದು ಉಳಿದವರಿಗೋಸ್ಕರ. ವೀರಗಲ್ಲು ನಿಲ್ಲಿಸಿದವರಿಗೆ ಇನ್ನಷ್ಟು ವೀರರು ಬೇಕಿತ್ತು. ಮಾಸ್ತಿಗಲ್ಲು ನಿಲ್ಲಿಸಿದವರಿಗೆ ಏನು ಬೇಕಿತ್ತು ಅನ್ನೋದನ್ನು ನಾವು ಅದೇ ನಿಷ್ಠುರದಿಂದ ಕೇಳಬೇಕು.

ಇದು ಹಳೇ ಕಥೆ, ಈಗ್ಯಾಕೆ ಅನ್ನಬಹುದು. ಬ್ರಿಟಿಷರ ಬಂಗಾಳದಲ್ಲಿ ಸತಿ ಪದ್ಧತಿಗೆ ನಿಷೇಧ ಬಂದದ್ದು 1829ರಲ್ಲಿ. ರಾಜಸ್ಥಾನದ ದೇವರಾಲಾದಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಗಂಡನ ಚಿತೆಯಲ್ಲಿ ಸತ್ತದ್ದು 1987ರಲ್ಲಿ, ಟೀವಿ ಕಾಲದಲ್ಲಿ. ಆಮೇಲೆ ಬಂದ ಕೇಂದ್ರದ ಕಾನೂನು ಸತಿಯನ್ನು ಮಾತ್ರವಲ್ಲ, ಅದನ್ನು ವೈಭವೀಕರಿಸೋದನ್ನೂ ಅಪರಾಧ ಅಂದಿತು. ಮಡಿದವಳಿಗೆ ಗುಡಿ ಕಟ್ಟೋದು, ಮೆರವಣಿಗೆ ಮಾಡೋದು ಕೂಡ ಅದರಲ್ಲಿ ಸೇರಿದೆ. ಒಂದು ಸ್ಮಾರಕ ಇನ್ನೊಂದು ಸಾವಿಗೆ ದಾರಿ ತೋರಿಸಬಹುದು ಅಂತ ಕಾನೂನಿಗೂ ಅನಿಸಿತ್ತು ಅಂತಾಯ್ತು. ಎತ್ತಿದ ಕೈಯ ಕೆಲಸ ಇದೇ ಆಗಿತ್ತಲ್ಲ?

ಹಾಗಂತ ಮಾಸ್ತಿಗಲ್ಲುಗಳನ್ನು ಕಿತ್ತು ಹಾಕಬೇಕು ಅಂತ ನಾನು ಹೇಳ್ತಿಲ್ಲ. ಅದರ ಕೆಲಸವನ್ನು ಜೆಸಿಬಿಗಳು ಆಗಲೇ ಮಾಡ್ತಿವೆ. ಹಳೇ ಕಲ್ಲುಗಳು ಚರಂಡಿಯ ಹಾಸುಗಲ್ಲಾಗಿ, ಬಟ್ಟೆ ಒಗೆಯುವ ಕಲ್ಲಾಗಿ, ಅಡಿಪಾಯದ ತುಂಬುಗಲ್ಲಾಗಿ ಹೋಗುತ್ತವೆ. ಹೋದರೆ ಆ ಹೆಂಗಸು ಇದ್ದಳು ಅನ್ನುವ ಕೊನೆಯ ಗುರುತೂ ಹೋದಂತೆ. ಅವಳು ಸತ್ತ ರೀತಿಯನ್ನು ಮುಚ್ಚಿಟ್ಟ ಕಲ್ಲೇ ಅವಳ ಪರವಾಗಿ ಉಳಿದಿರುವ ಒಂದೇ ಸಾಕ್ಷಿ. ಅದನ್ನು ಉಳಿಸಬೇಕು. ಉಳಿಸಿ, ಪಕ್ಕದಲ್ಲಿ ನಿಂತು ಸರಿಯಾಗಿ ಓದಬೇಕು. ಕುಂಕುಮ ಇಡುವ ಅಜ್ಜಿಯನ್ನು ತಡೆಯಬೇಕಾಗಿಲ್ಲ. ಆಕೆಗೆ ಮಾಸ್ತಮ್ಮ ಮನೆದೇವರು, ಕಷ್ಟಕ್ಕೆ ಆಗುವವಳು. ಆದರೆ ಜೊತೆಗೆ ಬಂದ ಮೊಮ್ಮಗಳು ‘ಇದು ಯಾರ ಕೈ?’ ಅಂತ ಕೇಳಿದರೆ ‘ದೇವರ ಕೈ’ ಅಂತಷ್ಟೇ ಹೇಳಿ ಮುಂದೆ ಕರೆದುಕೊಂಡು ಹೋಗಬಾರದು.

ಈ ವೀಕೆಂಡ್ ಬೆಟ್ಟಕ್ಕೋ ಹಳೇ ದೇವಸ್ಥಾನಕ್ಕೋ ಹೋಗುವವರಿಗೆ ನನ್ನದೊಂದು ಕೋರಿಕೆ. ದಾರಿಯಲ್ಲಿ ನಿಂತ ಕಲ್ಲಿನ ಹತ್ತಿರ ಎರಡು ನಿಮಿಷ ನಿಲ್ಲಿ. ದನ ಇದೆಯಾ, ಅಪ್ಸರೆಯರು ಇದ್ದಾರಾ, ಸೂರ್ಯ-ಚಂದ್ರ ಯಾವ ಕಡೆ ಇದ್ದಾರೆ ನೋಡಿ. ಪಕ್ಕದಲ್ಲಿ ತೋಳು ಇದ್ದರೆ ಬಳೆಗಳನ್ನು ಎಣಿಸಿ. ಬರಹ ಇದ್ದರೆ ಫೋಟೊ ತೆಗೆದು ಓದಬಲ್ಲವರಿಗೆ ಕಳಿಸಿ. ಒಂದು ಹೆಸರು ಸಿಕ್ಕರೂ ಸಾಕು. ಕಾಳಿ ಅನ್ನುವ ನಾಯಿಗೆ ಸಿಕ್ಕಷ್ಟಾದರೂ ಅವಳಿಗೂ ಸಿಗಲಿ.